ಹತ್ತನೇ ಕ್ಲಾಸಿನ ವೀಸಾ

ಕಾಟ್ಟಿಕುಳಂ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಯಜಮಾನರಿಗೆ,

ಕುಸುಮಾಳ ನಮಸ್ಕಾರ. ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಎರಡು ತಿಂಗಳಿಂದ ಕಾಗದ ಬರೆದಿಲ್ಲ, ತಪ್ಪು ತಿಳಿಯಬೇಡಿ. ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ; ನೀವು ಗದರಿದ ಕೂಡಲೇ ಹೂಂ ಎಂದುಬಿಡುತ್ತೇನೆ. ರಜೆ ಮುಗಿಸಿ ಹೊರಟಿರುವ ನಿಮ್ಮ ರೂಮಿನ ಉಣ್ಣಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಹಸು ಕರು ಹಾಕಿತು. ನೀವು ಕಳಿಸಿದ ಸೆಂಟನ್ನು ಕೊಟ್ಟಿಗೆಗೆ ಚಿಮುಕಿಸಿದ್ದೇನೆ, ನೊಣ ಕಡಿಮೆಯಾಗಿದೆ.

ಹತ್ತನೇ ಕ್ಲಾಸು ಪಾಸಾಗದ ಹೆಂಗಸಿಗೆ ದುಬೈ ವೀಸಾ ಸಿಗುವುದಿಲ್ಲ ಎಂದು ಮೂರು ವರ್ಷದ ಹಿಂದೆ ಹೇಳಿಹೋದಿರಿ. ನಾನು ಗಡಿಯಾಚೆಯ ತೌರು ಬೈರಕುಪ್ಪೆಯಲ್ಲಿ ಐದರವರೆಗೆ ಕನ್ನಡ ಓದಿದವಳು. ನಿಮ್ಮ ಮಾತು ನಂಬಿ ಪ್ರತಿ ಭಾನುವಾರ, ಶಾಲೆ ಬಿಟ್ಟ ದೊಡ್ಡವರಿಗೆ ನಡೆಸುವ ತುಲ್ಯತಾ ಕ್ಲಾಸಿನಲ್ಲಿ ಮಲಯಾಳಂ ಅಕ್ಷರ ತಿದ್ದಿದೆ. "ದುಬೈಗೆ ಹೋಗೋಕೆ ಮಲಯಾಳಂ ಯಾಕೆ ಮೋಳೇ?" ಎಂದು ಪಕ್ಕದಲ್ಲಿ ಕೂರುವ ಕಾರ್ತ್ಯಾಯಿನಿ ಅಜ್ಜಿ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ.

ಕಳೆದ ವಾರ ಏಳನೇ ಕ್ಲಾಸಿನ ಸರ್ಟಿಫಿಕೇಟು ಬಂತು. ಇಷ್ಟಕ್ಕೇ ಏನಾದರೂ ದಾರಿಯಿದೆಯೇ ಎಂದು ಕೇಳಲು ಪೇಟೆಯ ಟ್ರಾವೆಲ್ಸಿಗೆ ಹೋದೆ. ಬಾಗಿಲಲ್ಲೇ ಅರ್ಧ ಗಂಟೆ ನಿಂತಿದ್ದೆ. ಅಲ್ಲಿನ ಲತಿಕ ಎಂಬ ಹುಡುಗಿಯೇ ಕರೆದು ಕೂರಿಸಿ ಕಂಪ್ಯೂಟರಿನಿಂದ ಓದಿ ಹೇಳಿದಳು. ನನ್ನ ಪಾಸ್‌ಪೋರ್ಟು, ಫೋಟೋ, ಮುದ್ರೆ ಹಾಕಿಸಿದ ಮದುವೆ ಸರ್ಟಿಫಿಕೇಟು ಬೇಕು. ನಿಮ್ಮ ಕಡೆಯಿಂದ ಸಂಬಳದ ಕಾಗದ, ಮನೆ ಬಾಡಿಗೆಯ ಕರಾರು ಬೇಕು.

"ಹತ್ತನೇ ಕ್ಲಾಸು?" ಎಂದೆ.

"ಅದು ಯಾಕೆ ಚೇಚಿ? ಗಂಡನ ಹತ್ರ ಹೋಗೋಕೂ ಪರೀಕ್ಷೆ ಉಂಟಾ?"

ಅವಳು ಅದನ್ನು ತಮಾಷೆಗೆ ಕೇಳಿದ್ದು. ನಾನು ಏಳನೇ ಕ್ಲಾಸಿನ ಸರ್ಟಿಫಿಕೇಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಒಂದೇ ರೂಮಿನಲ್ಲಿ ಆರು ಜನ ಇದ್ದೀರಿ. ಹೆಂಡತಿಯನ್ನು ಇಟ್ಟುಕೊಳ್ಳಲು ಮನೆಯಿಲ್ಲ ಎಂದಿದ್ದರೆ ನಾನು ಕಾಯುತ್ತಿದ್ದೆ. ಅಷ್ಟು ಹೇಳಲು ಆಗದೆ ಒಂದು ದೇಶದ ಸರ್ಕಾರವನ್ನೇ ನನ್ನ ಮುಂದೆ ಅಡ್ಡ ನಿಲ್ಲಿಸಿದಿರಿ. ಹತ್ತು ಪಾಸಾದವರು ನೀವು. ಸುಳ್ಳಾದರೂ ಇದಕ್ಕಿಂತ ಚೆನ್ನಾಗಿರಬೇಕಿತ್ತು.

ಇವತ್ತು ಹತ್ತನೇ ಕ್ಲಾಸಿಗೆ ಹೆಸರು ಬರೆಸಿ ಬಂದೆ, ವೀಸಾಕ್ಕಲ್ಲ. ನೀವು ಬಾಡಿಗೆ ಕರಾರು ಕಳಿಸಿದರೂ ಪರೀಕ್ಷೆ ಮುಗಿಯದೆ ನಾನು ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಾದಪ್ಪ ನಿಮಗೆ ಒಳ್ಳೆಯದು ಮಾಡಲಿ.

ಇಂತಿ,
ಕುಸುಮಾ

ತಾ.ಕ.: ಉಣ್ಣಿ ಮನೆಗೆ ಬಂದಾಗ ನಾನು ಪೇಪರು ಓದುತ್ತಿದ್ದೆ. ಅವನು ಬೆರಗಾಗಿ, "ಚೇಚಿಗೆ ಓದೋಕೆ ಬರುತ್ತಾ? ಸಹಿ ಹಾಕೋಕೂ ಬರಲ್ಲ, ಅದಕ್ಕೇ ಕರೆಸಿಕೊಂಡಿಲ್ಲ, ಕಾಗದ ಎಲ್ಲ ತನ್ನ ತಂಗಿ ಬರೆಯೋದು ಅಂತ ನಿಮ್ಮ ಯಜಮಾನ್ರು ಬಸವೇಶ್ ಚೇಟ್ಟನ್ ಹೇಳಿದ್ರಲ್ಲಾ" ಅಂದ. ನಿಮಗೆ ತಂಗಿಯೇ ಇಲ್ಲ. ಮೂರು ವರ್ಷ ನಿಮಗೆ ಕಾಗದ ಬರೆದವಳು ನಾನು. ಇದನ್ನು ಕವರಿಗೆ ಹಾಕಿಲ್ಲ. ನಿಮ್ಮ ರೂಮಿನವರೆಲ್ಲ ಮಲಯಾಳಿಗಳಾದ್ದರಿಂದ, ಅವರಿಗೂ ಓದಲು ಆಗಲಿ ಎಂದು ಕೆಳಗೆ ಇನ್ನೊಮ್ಮೆ ಮಲಯಾಳಂನಲ್ಲಿ ಸಹಿ ಹಾಕಿದ್ದೇನೆ.