ಎಪ್ಪತ್ತೊಂದರ ಮಗು

ಜನವರಿ 6, 2025, ಸೋಮವಾರ

ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ಮುಗಿಸಿ ನಾಲ್ಕೂವರೆಗೆ ಕಿಬ್ಬನಹಳ್ಳಿ. ಮಲ್ಲೇಶನ ವೇಬ್ರಿಡ್ಜ್. ಲಾರಿ ತೂಗುವ ಸಾಫ್ಟ್‌ವೇರ್ ಹದಿನೆಂಟು ವರ್ಷ ಹಳೆಯದು. ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆ ಯಾವುದರಲ್ಲೂ ನಡೆಯುವುದಿಲ್ಲ. ಬರೆದುಕೊಟ್ಟವರು ಈಗ ಸಿಗುವುದಿಲ್ಲ. ಶನಿವಾರ ಮದರ್‌ಬೋರ್ಡ್ ಸುಟ್ಟಿದೆ. ಸೆಕೆಂಡ್ ಹ್ಯಾಂಡ್ ಬೋರ್ಡ್ ಒಂದನ್ನು ಕೂರಿಸಿ, ಹೊಸ ಡಿಸ್ಕ್ ಜೋಡಿಸಿ, ಎಕ್ಸ್‌ಪಿ ಸಿಡಿ ಹಾಕಿದೆ. ನೀಲಿ ಪರದೆಯ ಮೇಲೆ ಒಂದೇ ಮಾತು — ಈ ಕಂಪ್ಯೂಟರಿನಲ್ಲಿ ಯಾವ ಹಾರ್ಡ್ ಡಿಸ್ಕೂ ಇಲ್ಲ.

ಇದೆ. ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಬಯೋಸ್ ಪುಟದಲ್ಲಿ ಡಿಸ್ಕಿನ ಹೆಸರು, ಗಾತ್ರ ಎರಡೂ ಬರುತ್ತಿವೆ. ಸಿಡಿ ಬಹಳ ಹಿಂದಿನದು; ಈ ಬಗೆಯ ಡಿಸ್ಕ್ ಕಂಟ್ರೋಲರ್‌ಗೆ ಬೇಕಾದ ಡ್ರೈವರ್, ಅಂದರೆ ಅದನ್ನು ಗುರುತಿಸುವ ಪುಟ್ಟ ಪ್ರೋಗ್ರಾಂ, ಸಿಡಿಯಲ್ಲಿಲ್ಲ. ಹಾಗಾಗಿ ತನಗೆ ಕಾಣದ್ದನ್ನು ಇಲ್ಲ ಎನ್ನುತ್ತದೆ.

ಮಲ್ಲೇಶ ಬೆನ್ನ ಹಿಂದೆಯೇ ನಿಂತಿದ್ದ. “ಏನ್ ಸಾರ್, ಮೊನ್ನೆ ತಂದಿದ್ ಡಿಸ್ಕೂ ಹೋಯ್ತಾ?”

“ಇಲ್ಲ. ಸಿಡಿಗೆ ಅದು ಕಾಣ್ತಿಲ್ಲ.”

“ಅಷ್ಟೇ ತಾನೆ? ಕನ್ನಡಕ ಹಾಕ್ಸಿ ಮತ್ತೆ. ಆಚೆ ಎಂಟು ಲಾರಿ ನಿಂತವೆ ಕಣ್ರೀ.”

ಡ್ರೈವರ್ ಎಂದರೇನು ಎಂದು ವಿದ್ಯಾರ್ಥಿಗಳಿಗೆ ಇಷ್ಟು ಚೆನ್ನಾಗಿ ನಾನು ಎಂದೂ ಹೇಳಿಲ್ಲ.

ಜನವರಿ 8, ಬುಧವಾರ

F6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುವ ದಾರಿಯೊಂದಿದೆ. ಫ್ಲಾಪಿ ಡ್ರೈವ್ ಇಡೀ ತಿಪಟೂರಿನಲ್ಲಿ ಸಿಗಲಿಲ್ಲ. ಆದ್ದರಿಂದ ಡ್ರೈವರನ್ನು ಸಿಡಿಯೊಳಗೇ ಸೇರಿಸುವುದು. ಸಿಡಿಯ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿದೆ. ಕಂಟ್ರೋಲರ್‌ನ ಗುರುತಿನ ಸಂಖ್ಯೆ ಬರೆದುಕೊಂಡೆ. ಆ ಸಂಖ್ಯೆಯನ್ನು ಬಲ್ಲ ಡ್ರೈವರನ್ನು ಹುಡುಕಿ, ಇನ್‌ಸ್ಟಾಲ್ ಪಟ್ಟಿಯಲ್ಲಿ ಬೇಕಾದ ಕಡೆಗಳಲ್ಲಿ ಅದರ ಹೆಸರು ಸೇರಿಸಿದೆ. ಮೊದಲ ಸಿಡಿ ಬೂಟ್ ಆಗಲಿಲ್ಲ. ಎರಡನೆಯದು ಅರ್ಧಕ್ಕೆ ನಿಂತಿತು. ಪಟ್ಟಿಯಲ್ಲಿ ಒಂದು ಅಲ್ಪವಿರಾಮ ಬಿಟ್ಟಿದ್ದೆ. ಮೂರನೆಯದು ಸರಿ.

ಸಂಜೆ ಐದೂವರೆಗೆ ಕಿಬ್ಬನಹಳ್ಳಿಯಲ್ಲಿ ಅದೇ ನೀಲಿ ಪರದೆ. ಈ ಸಲ ಡಿಸ್ಕ್ ಬಂತು, ಗಾತ್ರದ ಸಮೇತ. ಮಲ್ಲೇಶ “ಬಂತಲ್ಲಾ!” ಎಂದು ತೊಡೆ ತಟ್ಟಿದ. ನನಗೆ ಸಂತೋಷವಾಗಲಿಲ್ಲ. ‘ಹಾರ್ಡ್ ಡಿಸ್ಕ್ ಇಲ್ಲ’ ಎಂಬ ಮೊನ್ನೆಯ ಆ ಮಾತನ್ನು ಹಿಂದೆ ಒಮ್ಮೆ ಓದಿದ್ದೇನೆ. ಇದೇ ಹಳೆಯ ಸಿಡಿ, ಬೇರೊಂದು ಯಂತ್ರ. ಅಂದು ಬಯೋಸ್ ಪುಟ ತೆರೆಯಲಿಲ್ಲ.

ನೊಣವಿನಕೆರೆ. ಗಂಗಯ್ಯನವರ ಮನೆ.

ಜನವರಿ 9, ಗುರುವಾರ

2021ರ ದಿನಚರಿ ತೆಗೆದೆ. ಅಕ್ಟೋಬರ್ 14, ಆಯುಧಪೂಜೆ. ಬರೆದಿರುವುದು ಇಷ್ಟು: ‘ನೊಣವಿನಕೆರೆ. ಗಂಗಯ್ಯನವರ ಲ್ಯಾಪ್‌ಟಾಪ್. ಡಿಸ್ಕ್ ಸತ್ತಿದೆ. ಹತ್ತು ನಿಮಿಷ. ಮಲ್ಲೇಶನಲ್ಲಿಗೆ ಪೂಜೆಯ ಹೊತ್ತಿಗೆ ಸರಿಯಾಗಿ ತಲುಪಿದೆ.’

ಬರೆಯದೆ ಬಿಟ್ಟದ್ದನ್ನು ಈಗ ಬರೆಯಬೇಕು.

ಗಂಗಯ್ಯನವರಿಗೆ ಇನ್ನೂರ ಹತ್ತು ತೆಂಗಿನ ಮರ; ತೋಟದ ಪಕ್ಕದಲ್ಲೇ ಸಸಿ ಮಡಿ. ಪ್ರತಿ ಮರದ ಕಾಂಡಕ್ಕೂ ಸುಣ್ಣದಲ್ಲಿ ನಂಬರು. ನಲವತ್ತೈದು ದಿನಕ್ಕೊಮ್ಮೆ ಕಾಯಿ ಕೀಳಿಸುವಾಗ ಯಾವ ಮರ ಎಷ್ಟು ಕೊಟ್ಟಿತು ಎಂದು ಚೀಟಿಯಲ್ಲಿ ಬರೆಯುತ್ತಿದ್ದರು. ಸೊಸೆ ಯೋಗಿತಾ ಅದನ್ನು ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಚೀಟಿ ಬಚ್ಚಲ ಒಲೆಗೆ. ಹೀಗೆ ಹನ್ನೆರಡು ವರ್ಷ. ಸಸಿ ಕೊಳ್ಳಲು ಬಂದವರಿಗೆ ಅದರ ತಾಯಿ ಮರ ಯಾವುದು, ಬರದ ವರ್ಷದಲ್ಲಿ ಎಷ್ಟು ಕಾಯಿ ಹಿಡಿದಿತ್ತು ಎಂದು ತೆಗೆದು ತೋರಿಸುತ್ತಿದ್ದರು. “ತಾಯಿ ಯಾರು ಅಂತ ಹೇಳ್ತೀನಿ. ತಂದೆ ವಿಷ್ಯ ಗಾಳೀನ ಕೇಳ್ಬೇಕು” ಎಂದು ನಗುತ್ತಿದ್ದರು.

ಅಂದು ಲ್ಯಾಪ್‌ಟಾಪ್ ಏಳಲಿಲ್ಲವೆಂದು ಫೋನ್ ಮಾಡಿದರು. “ಪೂಜೆಗೆ ಇಡೋಷ್ಟರಲ್ಲಿ ಎದ್ರೆ ಸಾಕು ಮೇಷ್ಟ್ರೇ.” ನಾನು ಮಲ್ಲೇಶನಲ್ಲಿಗೆ ಹೊರಟವನು ನಡುವೆ ಅಲ್ಲಿಗೆ ಹೋದೆ. ಬ್ಯಾಗಿನಲ್ಲಿದ್ದದ್ದು ವೇಬ್ರಿಡ್ಜಿಗೆಂದು ಇಟ್ಟುಕೊಂಡಿದ್ದ ಆ ಎಕ್ಸ್‌ಪಿ ಸಿಡಿ ಮಾತ್ರ. ಹಾಕಿದೆ. ಡಿಸ್ಕ್ ಇಲ್ಲ ಎಂದಿತು. “ಡಿಸ್ಕ್ ಹೋಗಿದೆ, ಏನೂ ಸಿಗೋದಿಲ್ಲ” ಎಂದೆ. ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮತ್ತೊಬ್ಬರಿಗೆ ತೋರಿಸುವ ಪದ್ಧತಿ ಅವರಲ್ಲಿಲ್ಲ. ಬರಿಗೈಲಿ ಕಳಿಸಬಾರದೆಂದು ಮಡಿಯಿಂದ ಒಂದು ಸಸಿ ಕಿತ್ತು ಕೊಟ್ಟರು.

ಆ ಸಸಿ ನನ್ನ ಹಿತ್ತಲಿನಲ್ಲಿದೆ. ತಂತಿಯಲ್ಲಿ ಕಟ್ಟಿದ ತಗಡಿನ ಚೂರೂ ಹಾಗೇ ಇದೆ. ತಾಯಿ ಮರದ ನಂಬರು 71.

ಆ ವರ್ಷದಿಂದ ಗಂಗಯ್ಯನವರು ಎಣಿಸುವುದನ್ನು ಬಿಟ್ಟರು.

ಡಿಸ್ಕ್ ನಿಜವಾಗಿಯೇ ಕೆಟ್ಟಿದ್ದಿರಬಹುದು. ಸಾಧ್ಯತೆ ಇದೆ. ಆದರೆ ಆ ಲ್ಯಾಪ್‌ಟಾಪಿನ ಕಂಟ್ರೋಲರ್ ಎಕ್ಸ್‌ಪಿಗಿಂತ ಏಳೆಂಟು ವರ್ಷ ಹೊಸದು.

ಜನವರಿ 19, ಭಾನುವಾರ

ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಗಂಗಯ್ಯನವರೇ ಎದುರಾದರು. ಹತ್ತು ದಿನದಿಂದ ಹೋಗಬೇಕೆಂದು ಯೋಚಿಸುತ್ತಲೇ ಇದ್ದೆ; ಯೋಚಿಸುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

“ಏನ್ ಮೇಷ್ಟ್ರೇ, ಇಳ್ದೋಗಿದ್ದೀರಿ? ಮನೇಲಿ ಮುದ್ದೆ ಹಾಕ್ತಿಲ್ವಾ?”

ಟೀ ಕುಡಿಸಿದರು. ರಸ್ತೆ ಅಗಲ ಮಾಡುತ್ತಾರಂತೆ. ರಸ್ತೆಯ ಬದಿಯ ಸಾಲು, 58ರಿಂದ 89ರವರೆಗೆ, ಮೂವತ್ತೆರಡು ಮರ ಹೋಗುತ್ತವೆ. ಫೆಬ್ರವರಿ ಕೊನೆಗೆ ಕಡಿಯುತ್ತಾರೆ.

“ಮರ ಹೋದ್ರೆ ಹೋಗ್ಲಿ, ರಸ್ತೆ ಎಲ್ರಿಗೂ ಬೇಕು. ಅದ್ರಲ್ಲಿ ಒಳ್ಳೇವು ಏಳೆಂಟರ ಬೀಜ ಇಳಿಸ್ಕೊಂಡ್ರೆ ಸಂತಾನ ಉಳೀತದೆ. ಯಾವುದ್ರದ್ದು ಅಂತ ಇಳಿಸ್ಲಿ? ಈ ವರ್ಸ ಮಳೆ ಚೆನ್ನಾಗಾಯ್ತು, ಎಲ್ಲ ಮರಾನೂ ಒಳ್ಳೇದೇ. ಬರದಲ್ಲಿ ನಿಂತೋವು ಯಾವು ಅನ್ನೋದು ಆ ಪೆಟ್ಟಿಗೇಲಿತ್ತು.”

“ಯೋಗಿತಾಗೆ ನೆನಪಿಲ್ಲವೇ?”

“ಕೇಳ್ದೆ. ‘ಟೈಪ್ ಮಾಡಿದ್ದೀನಿ ಮಾವ, ಬಾಯಿಪಾಠ ಮಾಡಿಲ್ಲ’ ಅಂದ್ಲು.” ಅವರೇ ನಕ್ಕರು. ಆಮೇಲೆ, “ಹೋಗ್ಲಿ ಬುಡಿ. ಸತ್ತಿದ್ದಕ್ಕೆ ನೀವಾದ್ರೂ ಏನ್ ಮಾಡ್ತೀರಿ” ಎಂದರು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಇನ್ನೂ ಇದೆಯೇ ಎಂದಾದರೂ ಕೇಳಬಹುದಿತ್ತು. ಬಸ್ಸು ಬಂತು. “ನೋಡೋಣ” ಎಂದೆ. ಏನನ್ನು ನೋಡುವುದೆಂದು ಅವರು ಕೇಳಲಿಲ್ಲ.

ಜನವರಿ 20, ಸೋಮವಾರ

ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ ಶುರು. ಈ ವಾರ ಆಗದು. ಕಡಿಯುವುದು ಫೆಬ್ರವರಿ ಕೊನೆಗೆ. ಸಮಯವಿದೆ.

ಫೆಬ್ರವರಿ 9, ಭಾನುವಾರ

ಹೋದೆ. ಬಸ್ಸಿನಿಂದ ಇಳಿದಾಗ ಗುರುತು ಹತ್ತಲಿಲ್ಲ, ಸ್ಟಾಪು ತಪ್ಪಿತೆಂದುಕೊಂಡೆ. ರಸ್ತೆಯ ಆ ಬದಿಗೆ ಬರೀ ಬಿಸಿಲು. ಸಾಲಿಗೆ ಮೂವತ್ತೆರಡು ಬುಡ, ಮೇಲೆ ಇನ್ನೂ ಹಸಿ ಹೊಟ್ಟು.

“ಬುಧವಾರನೇ ಬಂದ್ಬುಟ್ರು ಮೇಷ್ಟ್ರೇ” ಎಂದರು ಗಂಗಯ್ಯ. “ಮಿಷನ್ ಖಾಲಿ ಇತ್ತಂತೆ. ಎರಡ್ ದಿನ ಟೈಮ್ ಕೇಳ್ದೆ, ಒಂದ್ ದಿನ ಕೊಟ್ರು. ಕಣ್ಣಿಗೆ ಚೆನ್ನಾಗಿ ಕಂಡಿದ್ ಎಂಟು ಮರದ್ದು ಇಳಿಸ್ಕೊಂಡೆ.”

ಬೀಜದ ಕಾಯಿಯನ್ನು ಮೇಲಿಂದ ಎಸೆಯುವುದಿಲ್ಲ, ಗೊನೆಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಜಗಲಿಯ ಮೇಲೆ ಎಂಟು ಗುಡ್ಡೆ, ಪ್ರತಿ ಗುಡ್ಡೆಗೂ ಇದ್ದಿಲಿನಲ್ಲಿ ಬರೆದ ನಂಬರು. ಓದಿಕೊಂಡೆ. 71 ಇರಲಿಲ್ಲ. ನನ್ನ ಹಿತ್ತಲಿನ ಸಸಿಯ ನಂಬರೆಂದು ಕಣ್ಣು ಹುಡುಕಿತು, ಅಷ್ಟೇ.

ಮನೆಯಿಂದ ಹೊರಡುವಾಗ ಹೇಳಬೇಕಾದ್ದನ್ನು ಮೂರು ವಾಕ್ಯಗಳಲ್ಲಿ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. “ಈಗ ಹೊಸ ವಿಧಾನ ಬಂದಿದೆ. ಲ್ಯಾಪ್‌ಟಾಪ್ ಇದ್ದರೆ ಇನ್ನೊಮ್ಮೆ ನೋಡ್ತೇನೆ.”

ಹೊಸ ವಿಧಾನ. ಈ ಎರಡು ಪದ ಎಲ್ಲಿಂದ ಬಂದವೋ ತಿಳಿಯದು. ತಿಳಿಯದು ಎನ್ನುವುದೂ ನಿಜವಲ್ಲ.

ಗಂಗಯ್ಯನವರ ಹೆಂಡತಿ ಪುಟ್ಟಗೌರಮ್ಮ ಕೊಬ್ಬರಿಯ ಅಟ್ಟಕ್ಕೆ ಏಣಿ ಹಾಕಿಸಿದರು. “ನಾಕ್ ವರ್ಸದಿಂದ ಕಾಯಿ ಜೊತೆ ಅಟ್ಟದ್ ಮ್ಯಾಲೇ ಬಿದ್ದದೆ. ಕಾಯಾದ್ರೂ ಕೊಬ್ಬರಿ ಆಯ್ತವೆ, ಇದೇನಾಗದೋ!” ಸೀರೆಯ ತುಂಡಿನಲ್ಲಿ ಸುತ್ತಿದ್ದರು. ಮುಚ್ಚಳದ ಮೇಲೆ ಆಯುಧಪೂಜೆಯ ಕುಂಕುಮ. ಸತ್ತಿದೆ ಎಂದು ನಾನು ಹೇಳಿ ಹೋದ ಮೇಲೂ ಅಂದು ಅದಕ್ಕೆ ಪೂಜೆ ಮಾಡಿದ್ದಾರೆ.

ಫೆಬ್ರವರಿ 10, ಸೋಮವಾರ

ಮೊದಲು ಬಯೋಸ್ ಪುಟ. ಡಿಸ್ಕಿನ ಹೆಸರು ಇದೆ, ಗಾತ್ರ ಇದೆ. ಅಂದು ಒಂದು ಕೀಲಿ ಒತ್ತಿದ್ದರೆ ಸಾಕಿತ್ತು.

ಖಚಿತಪಡಿಸಿಕೊಳ್ಳಲು ಎರಡೂ ಸಿಡಿ ಹಾಕಿದೆ. ಹಳೆಯದು: ಡಿಸ್ಕ್ ಇಲ್ಲ. ಡ್ರೈವರ್ ಸೇರಿಸಿದ್ದು: ಇದೆ. ಎಂಟರ್ ಒತ್ತಲಿಲ್ಲ, ಒತ್ತಿದ್ದರೆ ಒಳಗಿದ್ದದ್ದು ಅಳಿಸಿಹೋಗಬಹುದಿತ್ತು. ಡಿಸ್ಕ್ ಹೊರತೆಗೆದು ಲ್ಯಾಬಿನ ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿದೆ. ಒಂದು ಫೈಲೂ ಹಾಳಾಗಿಲ್ಲ. ಅಂದು ಕೆಟ್ಟಿದ್ದದ್ದು ಯಂತ್ರವನ್ನು ಎಬ್ಬಿಸುವ ಬೂಟ್ ಭಾಗ ಮಾತ್ರ. ಅರ್ಧ ಗಂಟೆಯ ಕೆಲಸ.

2009ರಿಂದ 2021. ಇನ್ನೂರ ಹತ್ತು ಸಾಲು. ಬರದ ಮೂರು ವರ್ಷಗಳನ್ನು ಬೇರೆ ಮಾಡಿ, ಹೆಚ್ಚಿನಿಂದ ಕಡಿಮೆಗೆ ಜೋಡಿಸಿದೆ. ಇಡೀ ತೋಟದಲ್ಲಿ ಮೊದಲನೆಯದು 71. ವರ್ಷಕ್ಕೆ 97, 91, 94 ಕಾಯಿ. ಅಕ್ಕಪಕ್ಕದವು ಮೂವತ್ತು ದಾಟಿಲ್ಲ. ಷರಾ ಅಂಕಣದಲ್ಲಿ ಯೋಗಿತಾ ಬರೆದಿದ್ದಾಳೆ: ‘ಸಣಕಲು ಮರ. ನೋಡಕ್ಕೆ ಏನೂ ಇಲ್ಲ.’

ಹಿತ್ತಲಿಗೆ ಹೋಗಿ ತಗಡಿನ ಚೂರು ತಿರುಗಿಸಿ ನೋಡಿದೆ. ಗೊತ್ತಿದ್ದೂ ನೋಡಿದೆ.

ಫೆಬ್ರವರಿ 12, ಬುಧವಾರ

ಲ್ಯಾಪ್‌ಟಾಪ್ ತಲುಪಿಸಿದೆ. ಗಂಗಯ್ಯನವರು ಬೀದಿಗೆ ಕೇಳುವಂತೆ ಕೂಗಿದರು — “ಲೇ, ಬಂದ್ ನೋಡ್ರಲಾ! ಸತ್ತಿದ್ದನ್ನ ಎಬ್ಸವ್ರೆ ಮೇಷ್ಟ್ರು!” ನಾಲ್ಕು ಮನೆಯವರು ಬಂದರು. ಪುಟ್ಟಗೌರಮ್ಮ ದೃಷ್ಟಿ ತೆಗೆಯುತ್ತೇನೆಂದರು, ಬೇಡವೆಂದೆ.

ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಮರವನ್ನು ಮಾತಾಡಿಸುತ್ತ ಬಂದರು. ರಸ್ತೆ ಬದಿಯ ಸಾಲಿಗೆ ಬಂದಾಗ ಬೆರಳು ನಿಧಾನವಾಯಿತು. 71ರ ಮೇಲೆ ನಿಂತಿತು.

“ಇದು ಆ ಸಣಕಲು ಅಲ್ವೇನೇ?” ಎಂದು ಸೊಸೆಯನ್ನು ಕೇಳಿದರು.

“ಹೂಂ ಮಾವ.”

ಕನ್ನಡಕ ತೆಗೆದು ಮಡಿಸಿಟ್ಟರು. “ಒಂದ್ ವಾರ,” ಎಂದರು. “ಒಂದೇ ಒಂದ್ ವಾರ ಮುಂಚೆ ಆ ಹೊಸ ವಿಧಾನ ಬರಬಾರ್ದಿತ್ತಾ ಮೇಷ್ಟ್ರೇ.”

ನನ್ನ ಹಿತ್ತಲಿನ ಸಸಿಯ ವಿಷಯ ಹೇಳಲಿಲ್ಲ. ಅದನ್ನಷ್ಟೇ ಹೇಳಿದ್ದರೆ ಇನ್ನೊಮ್ಮೆ ಹೊಗಳಿಸಿಕೊಳ್ಳಬೇಕಾಗುತ್ತಿತ್ತು.

ಫೆಬ್ರವರಿ 23, ಭಾನುವಾರ

ದಬ್ಬೇಘಟ್ಟದಿಂದ ಒಬ್ಬರು, ನೊಣವಿನಕೆರೆಯಿಂದ ಇಬ್ಬರು, ಸತ್ತ ಲ್ಯಾಪ್‌ಟಾಪ್‌ಗಳನ್ನು ಹಿಡಿದು ಮನೆ ಹುಡುಕಿಕೊಂಡು ಬಂದಿದ್ದರು. ಗಂಗಯ್ಯನವರು ಕಳಿಸಿದ್ದಂತೆ. ಎರಡು ನಿಜವಾಗಿಯೂ ಸತ್ತಿವೆ. ಹಾಗೆ ಹೇಳುವ ಮುನ್ನ ಪ್ರತಿಯೊಂದನ್ನೂ ಒಂದೂವರೆ ಗಂಟೆ ನೋಡಿದೆ.

ಮಾರ್ಚ್ 2, ಭಾನುವಾರ

ಗಂಗಯ್ಯನವರು ಆಟೋದಲ್ಲಿ ಬಂದರು, ಒಂದು ಮೂಟೆ ತೆಂಗಿನಕಾಯಿ ಇಳಿಸಿಕೊಂಡು. “ನೀವ್ ದುಡ್ಡಂತೂ ಮುಟ್ಟಲ್ಲ. ಇದನ್ನಾದ್ರೂ ಮುಟ್ಟಿ” ಎಂದರು.

ಮೂಟೆ ಜಗಲಿಯ ಮೇಲೆ ಕೂತಿತ್ತು. ಅದು ಒಳಗೆ ಹೋಗುವ ಮೊದಲು ಹೇಳಿಬಿಡಬೇಕೆನ್ನಿಸಿತು. ಹೇಳಿದೆ.

“ಅವತ್ತು ಡಿಸ್ಕ್ ಸತ್ತಿರಲಿಲ್ಲ. ನನ್ನ ಸಿಡಿಯಲ್ಲಿ ಡ್ರೈವರ್ ಇರಲಿಲ್ಲ, ಅದಕ್ಕೆ ಡಿಸ್ಕ್ ಕಾಣಲಿಲ್ಲ. ಇನ್ನೊಂದು ಕಡೆ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡಲಿಲ್ಲ. ಪೂಜೆಗೆ ತಡವಾಗುತ್ತಿತ್ತು.”

“ಮತ್ತೆ ಹೊಸ ವಿಧಾನ ಅಂದ್ರಿ?”

“ಅಂಥದ್ದೇನೂ ಇಲ್ಲ. ಹಳೆಯದೇ.”

“ಯಾವಾಗ ಗೊತ್ತಾಯ್ತು ನಿಮ್ಗೆ?”

ಸುಳ್ಳಿಗೆ ಅಲ್ಲಿಯೂ ಜಾಗವಿತ್ತು. “ಜನವರಿ ಎಂಟಕ್ಕೆ.”

ಬೆರಳು ಮಡಿಸಿ ಎಣಿಸಿದರು. ಬಸ್ ಸ್ಟ್ಯಾಂಡಿನ ಟೀ ಅವರಿಗೂ ನೆನಪಾಗಿರಬೇಕು. ಸಿಟ್ಟು ಬರಲೆಂದು ಕಾದೆ. ತಗ್ಗಿದ ದನಿಯಲ್ಲಿ ಹೇಳಿದರು:

“ಮರ ನಿಂತಿತ್ತಲ್ರೀ ಆವಾಗ.”

ಮೇಷ್ಟ್ರೇ ಎನ್ನಲಿಲ್ಲ.

ಹಿತ್ತಲಿಗೆ ಕರೆದುಕೊಂಡು ಹೋಗಿ ಸಸಿ ತೋರಿಸಿದೆ. ತಗಡಿನ ಮೇಲೆ ತಮ್ಮದೇ ಕೈಬರಹ ಓದಿ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ಬುಡದ ಮಣ್ಣು ಕೆದಕುತ್ತಿದ್ದರು. ಜೆಸಿಬಿ ತರಿಸಿ ಬೇರು ಸಮೇತ ಕೀಳಿಸಿ ನಿಮ್ಮ ತೋಟಕ್ಕೇ ಕಳಿಸುತ್ತೇನೆ ಎಂದೆ.

“ಇದನ್ನೂ ಸಾಯಿಸ್ಬೇಡಿ. ಇಲ್ಲೇ ಇರ್ಲಿ.” ಎದ್ದು ಪಂಚೆಯ ಮಣ್ಣು ಕೊಡವಿದರು. “ಪಾತಿ ಅಗಲ ಮಾಡಿ. ನಲವತ್ತೈದು ದಿನಕ್ಕೊಂದ್ಸಲ ನೋಡಿ, ಬರೀರಿ. ಕಾಯಿ ಬಿಡಕ್ಕೆ ಇನ್ನೂ ಮೂರ್ ವರ್ಸ ಆಗ್ಲಿ, ನಾಕಾಗ್ಲಿ. ಕಂಪ್ಯೂಟರ್ ಬ್ಯಾಡ. ಪುಸ್ತಕದಲ್ಲಿ ಬರೀರಿ. ಹತ್ತು ನಿಮಿಷದಲ್ಲಿ ಮುಗಿಸ್ಬೇಡಿ.”

ಹತ್ತು ನಿಮಿಷ ಎಂಬುದು ಈ ದಿನಚರಿಯಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. ಅವರೂ ಲೆಕ್ಕವಿಟ್ಟಿದ್ದರು.

ಹೋಗುವಾಗ ಮೂಟೆಯನ್ನು ಆಟೋಗೆ ಹಾಕಿಸಿಕೊಂಡು ಹೋದರು.

ಏಪ್ರಿಲ್ 16, ಬುಧವಾರ, ಬೆಳಿಗ್ಗೆ 7

ನಲವತ್ತೈದನೇ ದಿನ. ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ.

71ರ ಮಗು. ಗರಿ ಹನ್ನೆರಡು. ಹೊಸದು ಒಂದು, ಇನ್ನೂ ಬಿಚ್ಚಿಕೊಂಡಿಲ್ಲ. ಒಣಗಿದ್ದು ಒಂದು, ಕಡಿಯಲಿಲ್ಲ. ಪಾತಿ ಸುತ್ತಲೂ ಒಂದು ಮೊಳ ಅಗಲ ಮಾಡಿದ್ದೇನೆ. ಬಿಳಿನೊಣ ಇಲ್ಲ, ಹನ್ನೆರಡು ಗರಿಗಳನ್ನೂ ಮಗುಚಿ, ಎರಡು ಸಲ ನೋಡಿದೆ. ಸುಳಿಯಲ್ಲಿ ಕೆಂಪು ಮೂತಿ ಹುಳದ ತೂತು ಇಲ್ಲ. ಟಾರ್ಚ್ ಹಾಕಿ ನೋಡಿದೆ.

ಓದಿ ಹೇಳೋಣವೆಂದು ಗಂಗಯ್ಯನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಇನ್ನೊಮ್ಮೆ ಮಾಡಬೇಕು.

ಹೊಂಬಾಳೆ ಇಲ್ಲ ಎಂದು ಬರೆದೆ. ಹೊಡೆದುಹಾಕಿದೆ. ಹೊಂಬಾಳೆ ಇನ್ನೂ ಕಂಡಿಲ್ಲ.

ಕಾಯಿ — ಇಲ್ಲಿ ಜಾಗ ಬಿಟ್ಟಿದ್ದೇನೆ.