ಎಣ್ಣೆ ಕುಡಿಯುವ ಇಂಜಿನ್

ಉದಗೀರ
೧೯ ಜನವರಿ ೨೦೨೫

ಗೆಳೆಯ ಗುರುನಾಥನಿಗೆ ಸಿದ್ದರಾಮನ ಶರಣು.

ಉತ್ತರ ಬರೆಯಲು ತಡವಾಯಿತು, ಬೇಜಾರಾಗಬೇಡ. ಫೋನ್ ಮಾಡಿದರೆ ನೀನು ಅಳುತ್ತೀ, ನಾನು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಉಮರ್ಗಾದಲ್ಲಿ ನಿನ್ನ ಹೊಸ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿವೆಯಂತೆ, ಕೇಳಿ ಸಂತೋಷವಾಯಿತು. ಇಲ್ಲಿ ನನ್ನ ಹೆಂಡತಿ, ನಿನ್ನ ವೈನಿ, ಉಣ್ಣುತ್ತಾಳೆ, ಮಲಗುತ್ತಾಳೆ, ಅಷ್ಟೆ.

ಮಗ ಪಂಕಜ ಹೋದಮೇಲೆ ನಮ್ಮಿಬ್ಬರ ಹಳೆಯ ಗ್ಯಾರೇಜಿನಲ್ಲಿ ವಾದ ಮಾಡುವವರೇ ಇಲ್ಲ. ಬಟ್ಟೆ ಅಂಗಡಿಯ ಓಂಪ್ರಕಾಶ ಸಾವಕಾರರು ಆ ಎರಡು ರೋಟರಿ ಕಾರು, ಒಂದು ಹಳೆಯದು ಒಂದು ಹೊಸದು, ತಂದು ನಿಲ್ಲಿಸಿದ ದಿನ ನೆನಪಿದೆಯೇ? ಪಿಸ್ಟನ್ನೇ ಇಲ್ಲದೆ, ಮೂರು ಮೂಲೆಯ ತುಂಡು ಗರಗರ ತಿರುಗುವ ಇಂಜಿನ್ ನೋಡಿ ನಾವಿಬ್ಬರೂ ಬೆಪ್ಪಾಗಿದ್ದೆವು. ಪಂಕಜ ಮಾತ್ರ ಕುಣಿದಾಡಿದ.

"ಅಪ್ಪಾ, ಹೊಟ್ಟಿ ಎರಡಕ್ಕೂ ಒಂದ ಅದ, ಸಾವಿರದ ಮುನ್ನೂರು ಸಿಸಿ. ಎಂಬತ್ತರ ಕಾಲದ್ದು ನೂರಾ ಮೂವತ್ತೈದು ಹಾರ್ಸ್‌ಪವರ್, ಹೊಸಾದು ಇನ್ನೂರಾ ಮೂವತ್ತು. ನಡುವಿನ ಪೀಳಿಗಿದು ಎರಡು ಟರ್ಬೊ ಹಚ್ಕೊಂಡು ಇನ್ನೂರಾ ಐವತ್ತೈದು ಕೊಡ್ತಿತ್ತು!" ಅಂದ.

ನೀನು ನಕ್ಕೆ. "ಹಳೀದು ಎಣ್ಣಿ ಕುಡೀತದ, ಅದಕ್ಕ ತಾಕತ್ತಿಲ್ಲ. ನಾ ದುರಸ್ತ ಮಾಡ್ತೀನಿ, ಆಮ್ಯಾಗ ಹೊಸಾದರ ಸಂಗಡ ಓಡ್ಸಿ ನೋಡು ಮಗನ," ಅಂದೆ. ನಾನು ಜಳಕೋಟಕ್ಕೆ ಹೋಗಿದ್ದ ದಿನ ನೀನೊಬ್ಬನೇ ದುರಸ್ತಿಯನ್ನೂ ಮುಗಿಸಿದೆ.

ಆ ಹಳೆಯ ಕಾರನ್ನೇ ಅವನು ನಿಲಂಗಾ ರಸ್ತೆಗೆ ಒಯ್ದ. ಓಡುತ್ತಿದ್ದಾಗಲೇ ಇಂಜಿನ್ ಬಿಗಿದು ಹಿಡಿದುಕೊಂಡಿತು, ಚಕ್ರ ನಿಂತವು, ಹಿಂದಿದ್ದ ಕಬ್ಬಿನ ಲಾರಿ ನಿಲ್ಲಲಿಲ್ಲ. ಹುಡುಗ ಹುಚ್ಚಾಪಟ್ಟೆ ಓಡಿಸಿದ ಎಂದು ಊರೆಲ್ಲ ಮಾತು. ಸಾವಕಾರರೂ, "ಜವಾನಿ ಜೋಶ್ ರೀ, ಯಾರೇನ್ ಮಾಡಬೇಕು," ಅಂದುಬಿಟ್ಟರು.

ಠಾಣೆಯವರು ಕಳೆದ ವಾರ ಕಾರನ್ನು ಗ್ಯಾರೇಜಿಗೆ ಬಿಟ್ಟುಕೊಟ್ಟರು. ನಾನೇ ಇಂಜಿನ್ ಬಿಚ್ಚಿದೆ. ಗುರುನಾಥ, ಆ ಜಾತಿಯ ಇಂಜಿನ್ ಎಣ್ಣೆ ಕುಡಿಯಲೇಬೇಕು. ಸಣ್ಣ ನಳಿಗೆಯಿಂದ ಎಣ್ಣೆ ಒಳಗೆ ಹನಿಯುತ್ತಿದ್ದರೇ ಮೂಲೆಯ ಸೀಲುಗಳು ಬದುಕುತ್ತವೆ, ಇಲ್ಲದಿದ್ದರೆ ಒಣಗಿ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಹಳೆಯದೂ ಕುಡಿಯುತ್ತದೆ, ಹೊಸದೂ ಕುಡಿಯುತ್ತದೆ. ಈ ಕಾರಿನ ನಳಿಗೆಯನ್ನು ಬೋಲ್ಟು ಹಾಕಿ ಮುಚ್ಚಲಾಗಿತ್ತು. ಬೋಲ್ಟಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು. ಗುಂಜೋಟಿಯ ಉಸ್ತಾದರ ಹತ್ತಿರ ಕಲಿಯುವಾಗಿನಿಂದ ಅದು ನಿನ್ನೊಬ್ಬನದೇ ರೂಢಿ. ಪಂಕಜ ಮೆಲ್ಲಗೆ ಹೋಗಿದ್ದರೂ ಆ ಇಂಜಿನ್ ಹಿಡಿದುಕೊಳ್ಳುತ್ತಿತ್ತು.

ಸುಳ್ಳು ಹೇಳುವುದಿಲ್ಲ, ಬೋಲ್ಟು ಬಿಚ್ಚುವ ಪಾನಾ ಹಿಡಿದು ಉಮರ್ಗಾ ಬಸ್ಸು ಹತ್ತುವಷ್ಟು ಸಿಟ್ಟು ಬಂತು. ಆಮೇಲೆ ತಣ್ಣಗೆ ಕೂತು ಯೋಚಿಸಿದೆ. ಜೀಪು, ಟ್ರ್ಯಾಕ್ಟರು ರಿಪೇರಿ ಮಾಡಿ ಮುದುಕರಾದವರು ನಾವು. ಎಣ್ಣೆ ಸುಟ್ಟರೆ ರೋಗ ಅಂತಲೇ ಕಲಿತದ್ದು. ನನ್ನ ಕೈಗೆ ಬಂದಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಬೋಲ್ಟನ್ನು ಪೊಲೀಸರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ.

ನಿನ್ನ ಮಗಳು ಸುವರ್ಣಾಳ ಮದುವೆ ಸುಸೂತ್ರವಾಗಿ ಆಗಲಿ. ಬಸವಣ್ಣ ಅವಳನ್ನು ನೂರು ಕಾಲ ಕಾಯಲಿ.

ನಿನ್ನ,
ಸಿದ್ದರಾಮ

ತಾ.ಕ.: ನಿನ್ನ ವೈನಿ ಸುಮನಬಾಯಿ ಪಂಕಜನ ಫೋಟೋಕ್ಕೆ ಹಾರ ಹಾಕಗೊಡುವುದಿಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಬೈಯುತ್ತಾಳೆ: "ಯಾಕ ಅಷ್ಟು ಜೋರ್ ಹೊಡದಿ ಭಾಡ್ಯಾ? ಮನ್ಯಾಗ ಅವ್ವ ಅದಾಳಂತ ನೆನಪಾಗಲಿಲ್ಲೇನು?" ತಪ್ಪು ಅವನದಲ್ಲ ಎಂದು ಹೇಳಿದರೆ, "ಅಪ್ಪ ಮಗನ ಕಡೀನೇ ಮಾತಾಡ್ತೀರಿ" ಎನ್ನುತ್ತಾಳೆ. ನೀನೇ ಬಂದು ಹೇಳು. ಬೈದರೆ ನಿನ್ನನ್ನು ಬೈಯಲಿ. ಅವನನ್ನು ಬೈಯುವುದು ನಿಲ್ಲಲಿ.