ಹಡಗಿನ ಒಲೆಗೆ ನನ್ನ ಕೈ

ಹ್ಯಾಂಬರ್ಗ್, ಜೂನ್ 2006

ಅಕ್ಕಾ,

'ಹಡಗಿನೆದೆಯಲಿ ಅರಳಿದ ಬೆಂಕಿಹೂ' ಎಂದೇನೋ ಒಂದು ಸಾಲು ನೆನಪಿದೆ. ಬರೆದವರು ಹಡಗಿನ ಒಲೆಗೆ ಕಲ್ಲಿದ್ದಲು ಹಾಕಿದ್ದರೇ? ನಾನು ಇವತ್ತು ಹಾಕಿದೆ. ನೂರು ವರ್ಷದ ಹಿಂದೆ ಇಲ್ಲಿನ ಕರಾವಳಿಯ ಊರೂರಿಗೆ ಗೋಧಿ, ಮರ ಹೊರುತ್ತಿದ್ದ ಉಗಿಹಡಗು ಈಗ ಪ್ರವಾಸಿಗರನ್ನು ಹೊರುತ್ತದೆ. ಒಲೆ ನೋಡಿಕೊಳ್ಳುವ ಮುದುಕ ನನ್ನ ಹಟಕ್ಕೆ ಸಲಿಕೆ ಕೊಟ್ಟು, ತೆಳ್ಳಗೆ ಹರಡಬೇಕೆಂದು ಕೈಸನ್ನೆ ಮಾಡಿದ. ನಾನೋ, ನಮ್ಮ ಹರದನಹಳ್ಳಿಯ ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕುವಂತೆ ಬಾಯಿತುಂಬ ತುರುಕಿದೆ. ಬೆಂಕಿ ಉಸಿರುಗಟ್ಟಿ, ಉಗಿ ಇಳಿದು ಹಡಗು ನಡುನೀರಿನಲ್ಲಿ ಅರ್ಧ ಗಂಟೆ ನಿಂತಿತು. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಉಳಿದಂತೆ ಚೆನ್ನಾಗಿದ್ದೇನೆ.

ನಿನ್ನ ಶಶಿ

ಇದನ್ನು ಪಕ್ಕದ ಮನೆ ಮಂಚಮ್ಮನಿಗೆ ಮಾತ್ರ ಓದಿ ಹೇಳಬೇಡ. ಹೊರಡುವ ದಿನ ಬಾಗಿಲಲ್ಲಿ ನಿಂತು ಅವರು ಅಂದಿದ್ದರು: "ಪುಸ್ತಕ ಓದ್ಕಂಡು ಒಲೆ ಆರಿಸೋಳು ನೀನು. ಅಲ್ಲೋಗಿ ಯಾರ ಒಲೆ ತಂಟೆಗೂ ಓಗ್ಬ್ಯಾಡ ಕಣಮ್ಮಿ."